ಪಡಸಾಲೆಯಲ್ಲಿ ರೊಟ್ಟಿ, ನಡುಮನೆಯಲ್ಲಿ ಅತ್ತೆ: ಎರಡನ್ನೂ ನಡೆಸುವವರಿಗೆ ಒಂದಿಷ್ಟು ದಾರಿ

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಅದೇ ಮನೆಯ ಮುಂದಿನ ಖೋಲಿಯಲ್ಲಿ ನಿಮ್ಮ ಉದ್ಯೋಗವೂ ಇದೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮದು ಹಳೇ ಹುಬ್ಬಳ್ಳಿಯಲ್ಲಿ ಒಂದು ರೊಟ್ಟಿ ಕೇಂದ್ರ. ಪಡಸಾಲೆಯಲ್ಲಿ ಮೂರು ಒಲೆ, ನಾನು ಮತ್ತು ಇಬ್ಬರು ಹೆಣ್ಣುಮಕ್ಕಳು. ನಡುಮನೆಯಲ್ಲಿ ಅತ್ತೆ. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಅವರ ಬಲಗೈ, ಬಲಗಾಲು ನಿಂತವು, ಮಾತು ತೊದಲಾಯಿತು. ಎರಡು ಖೋಲಿಯ ನಡುವೆ ಇರುವುದು ಒಂದು ಪರದೆ ಅಷ್ಟೇ.

ಮೊದಲ ವರ್ಷದ ಪಂಚಮಿಯಲ್ಲಿ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಉಂಡಿಯ ಆರ್ಡರ್ ಬಂದದ್ದೆಲ್ಲ ತೆಗೆದುಕೊಂಡೆ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಯಾರು ಕೇಳಿದರೂ ಹೂಂ ಅಂದೆ. ಎರಡು ತಾಸಿಗೊಮ್ಮೆ ಅತ್ತೆಯ ಮಗ್ಗಲು ಬದಲಿಸಬೇಕು ಅಂತ ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ಆ ಎಂಟು ದಿನ ಅದು ನಾಲ್ಕು ತಾಸಾಯಿತು, ಐದು ತಾಸಾಯಿತು. ಹಬ್ಬದ ಮರುದಿನ ಮೈ ಒರೆಸುವಾಗ ಸೊಂಟದ ಕೆಳಗೆ ಚರ್ಮ ಕಿತ್ತು ಕೆಂಪಾಗಿದ್ದು ಕಂಡಿತು. ಆ ಹುಣ್ಣು ಮಾಯಲು ಎರಡೂವರೆ ತಿಂಗಳು ಬೇಕಾಯಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ವಾರ ಶೇಂಗಾ ಸೀದುಹೋಗಿದ್ದ ಉಂಡಿ ನಾಲ್ಕು ಮನೆಯಿಂದ ವಾಪಸ್ ಬಂದವು. ಎರಡೂ ಕಡೆ ಹೂಂ ಅಂದು ಎರಡೂ ಕಡೆ ಕೆಡಿಸಿದ್ದೆ.

ಆಮೇಲೆ ನಿಧಾನಕ್ಕೆ ಒಂದು ವಿಷಯ ತಿಳಿಯಿತು. ಮಲಗಿದವರ ಗಡಿಯಾರವನ್ನು ಹಿಂದೆ ಮುಂದೆ ಮಾಡಲು ಬರುವುದಿಲ್ಲ. ಅಂಗಡಿಯ ಗಡಿಯಾರವನ್ನು ಮಾಡಬಹುದು. ಕೆಳಗೆ ಬರೆದಿರುವುದೆಲ್ಲ ಅಲ್ಲಿಂದಲೇ ಹೊರಟಿದ್ದು.

ಹೆಜ್ಜೆ 1: ಒಂದು ವಾರ ಸುಮ್ನೆ ಬರೆದಿಡಿ

ಏನನ್ನೂ ಬದಲಿಸುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ರೋಗಿಗೆ ಸಂಬಂಧಿಸಿದ್ದು, ಬಲಗಡೆ ಉದ್ಯೋಗದ್ದು. ಎಷ್ಟು ಹೊತ್ತಿಗೆ ಏನು ಮಾಡಿದಿರಿ, ಎಷ್ಟು ಸಲ ನಡುವೆ ಎದ್ದಿರಿ, ಯಾರು ಎಬ್ಬಿಸಿದರು, ಅಷ್ಟು ಬರೆದರೆ ಸಾಕು. ಅಕ್ಷರ ಚೆಂದ ಇರಬೇಕಿಲ್ಲ. ನನ್ನ ಪುಸ್ತಕದ ತುಂಬ ಹಿಟ್ಟಿನ ಬೆರಳಿನ ಗುರುತೇ ಇವೆ.

ವಾರದ ಕೊನೆಗೆ ಎಡಗಡೆಯಲ್ಲಿ ಜರುಗಿಸಲು ಬಾರದವುಗಳ ಸುತ್ತ ಗುಂಡಗೆ ಗೆರೆ ಹಾಕಿ. ನಮ್ಮ ಮನೆಯಲ್ಲಿ ಅವು ಇವು: ಮುಂಜಾನೆ 8 ಮತ್ತು ರಾತ್ರಿ 8ರ ಗುಳಿಗೆ, ಎರಡು ತಾಸಿಗೊಮ್ಮೆ ಮಗ್ಗಲು, 11ಕ್ಕೆ ಕೈಕಾಲಿನ ವ್ಯಾಯಾಮ, ಮೂರು ಹೊತ್ತಿನ ಊಟ. ಊಟಕ್ಕೆ ಜಾಸ್ತಿ ಸಮಯ ಹಿಡಿಯಿರಿ. ಲಕ್ವ ಆದವರಿಗೆ ನುಂಗುವುದು ಕಷ್ಟ ಇರುತ್ತದೆ, ಮಲಗಿಸಿ ಉಣಿಸಿದರೆ ಅನ್ನ ನೀರು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಚಿಕ್ಕ ತುತ್ತು ಕೊಡಬೇಕು. ಉಂಡ ಮೇಲೂ ಅರ್ಧ ತಾಸು ಕೂತೇ ಇರಬೇಕು. ಇದನ್ನು 10 ನಿಮಿಷದಲ್ಲಿ ಮುಗಿಸಲು ಹೋಗಬೇಡಿ.

ಬಲಗಡೆಯ ಕಾಲಂ ನೋಡಿದಾಗ ನನಗೆ ದಿಗಿಲಾಯಿತು. ರೊಟ್ಟಿ ಬಡಿಯುವುದು ನನ್ನನ್ನು ಅಷ್ಟು ತಿಂದಿರಲಿಲ್ಲ. ಫೋನ್ ಮತ್ತು ಬಾಗಿಲು ತಿಂದಿದ್ದವು. ಒಂದೇ ದಿನ 31 ಸಲ ಎದ್ದಿದ್ದೆ.

ಹೆಜ್ಜೆ 2: ನಿಮಗಾಗಿ ಕಾಯುವ ಮಾಲನ್ನು ಆರಿಸಿ

ಇದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಅಂತ ನನ್ನ ಅನುಭವ.

ಮೊದಲು ನಾವು ಎರಡು ತರದ ರೊಟ್ಟಿ ಮಾಡುತ್ತಿದ್ದೆವು. ಮೆತ್ತನ್ನ ಬಿಸಿ ರೊಟ್ಟಿ ಮತ್ತು ಖಡಕ್ ರೊಟ್ಟಿ. ಬಿಸಿ ರೊಟ್ಟಿಗೆ ಸಂಜೆ 7ರಿಂದ 9ರವರೆಗೆ ಗಿರಾಕಿ ಜಾಸ್ತಿ, ಅದೇ ಹೊತ್ತಿಗೆ ಅತ್ತೆಯ ಊಟ, ಗುಳಿಗೆ, ಬಟ್ಟೆ ಬದಲಿಸುವುದು. ಬಿಸಿ ರೊಟ್ಟಿ ಕಾಯುವುದಿಲ್ಲ, ಗಿರಾಕಿಯೂ ಕಾಯುವುದಿಲ್ಲ. ಖಡಕ್ ರೊಟ್ಟಿ ಹಾಗಲ್ಲ. ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ವಾರಗಟ್ಟಲೆ ಇರುತ್ತದೆ. ನಸುಕಿನ 4.30ಕ್ಕೆ ಅತ್ತೆ ಇನ್ನೂ ಮಲಗಿರುವಾಗ ಎಸರಿಟ್ಟು, ಹಿಟ್ಟು ನಾದಿ, 7.30ರೊಳಗೆ ದಿನದ ಲೆಕ್ಕ ಮುಗಿಸಬಹುದು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಇವೂ ಕಾಯುವ ಮಾಲೇ.

ಹಾಗಾಗಿ ಸಂಜೆಯ ಬಿಸಿ ರೊಟ್ಟಿ ನಿಲ್ಲಿಸಿದೆ. ಮೊದಲ ಎರಡು ತಿಂಗಳು ಗಲ್ಲೆಯಲ್ಲಿ ದುಡ್ಡು ಕಡಿಮೆ ಬಿತ್ತು, ನಿಜ. ಹೊಟ್ಟೆಯಲ್ಲಿ ಕಲಸಿದಂಗೆ ಆಗುತ್ತಿತ್ತು. ಆಮೇಲೆ ಚಟ್ನಿ ಪುಡಿಯಲ್ಲಿ ಅದು ತುಂಬಿಕೊಂಡಿತು.

ನಿಮ್ಮ ಉದ್ಯೋಗ ಬೇರೆ ಇರಬಹುದು, ಆದರೆ ಇದೇ ಪ್ರಶ್ನೆ ಕೇಳಿಕೊಳ್ಳಿ: ನನ್ನ ಕೆಲಸದಲ್ಲಿ ಯಾವುದು ನಾಳೆಗೆ ಕಾಯುತ್ತದೆ, ಯಾವುದು ಕಾಯುವುದಿಲ್ಲ? ಹೊಲಿಗೆ ಮಾಡುವವರಾದರೆ ಅರ್ಜೆಂಟ್ ಬ್ಲೌಸ್ ಬಿಟ್ಟು ಫಾಲ್ಸ್, ಪಿಕೋ ಇಟ್ಟುಕೊಳ್ಳಬಹುದು. ಹಾವೇರಿ ಕಡೆ ಖಾರದ ಪುಡಿ ಮಾಡುವವರು ಸೀಸನ್ನಿನಲ್ಲೇ ಬ್ಯಾಡಗಿ ಮೆಣಸಿನಕಾಯಿ ತಂದು ಒಣಗಿಸಿ ಇಟ್ಟರೆ, ಕುಟ್ಟಿಸುವುದನ್ನು ತಮ್ಮ ಅನುಕೂಲದ ದಿನಕ್ಕೆ ಹಾಕಿಕೊಳ್ಳಬಹುದು. ಧಾರವಾಡದಲ್ಲಿ ಕಸೂತಿ ಹಾಕುವ ಗೆಳತಿಯೊಬ್ಬಳಿದ್ದಾಳೆ, ಅವಳ ತಂದೆಗೆ ಪಾರ್ಕಿನ್‌ಸನ್ಸ್, ಕೈಕಾಲು ನಡುಗುವ ಕಾಯಿಲೆ. ಹಾಸಿಗೆ ಪಕ್ಕದಲ್ಲೇ ಕೂತು ಮಾಡುವ ಕೆಲಸ ಅಂತ ಎಲ್ಲರೂ ಅವಳಿಗೆ ಅದೃಷ್ಟವಂತೆ ಅನ್ನುತ್ತಾರೆ. ಆದರೆ ಕಸೂತಿ ಎಳೆ ಎಣಿಸಿ ಹಾಕುವ ಕೆಲಸ, ನಡುವೆ ಎದ್ದರೆ ಲೆಕ್ಕ ತಪ್ಪುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಅವಳು ಈಗ ತಂದೆ ಮಧ್ಯಾಹ್ನ ಮಲಗುವ ಒಂದೂವರೆ ತಾಸಿನಲ್ಲಿ ಮಾತ್ರ ಎಣಿಕೆಯ ಕೆಲಸ ಮಾಡುತ್ತಾಳೆ. ಕಸೂತಿಯ ಒಂದು ಗೋಪುರದ ಚಿತ್ತಾರ ಶುರು ಮಾಡಿದರೆ ಮುಗಿಸಿಯೇ ಏಳುತ್ತಾಳೆ. ಉಳಿದ ಹೊತ್ತಿನಲ್ಲಿ ಅಂಚು ಮಡಚುವಂಥ ಸಣ್ಣ ಕೆಲಸ.

ಹೆಜ್ಜೆ 3: ಫೋನಿಗೂ ಒಂದು ಬಾಗಿಲು ಬೇಕು

ಉದ್ಯೋಗಕ್ಕೆ ಬೇರೆ ಸಿಮ್ ತೆಗೆದುಕೊಳ್ಳಿ. ಇದೊಂದು ಇಂದೇ ಮಾಡಬಹುದಾದ ಕೆಲಸ. ಮನೆಯ ನಂಬರ್ ಡಾಕ್ಟರ್, ಫಿಸಿಯೋಥೆರಪಿಯವರು, ನೆಂಟರಿಗೆ. ಅಂಗಡಿಯ ನಂಬರ್ ಗಿರಾಕಿಗಳಿಗೆ.

ಅಂಗಡಿಯ ನಂಬರಿಗೆ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಅಂಗಡಿ ತೆರೆದಿರುವ ಸಮಯ ತೋರಿಸಬಹುದು, ಆ ಸಮಯದ ಹೊರಗೆ ಯಾರಾದರೂ ಮೆಸೇಜ್ ಮಾಡಿದರೆ ತಾನಾಗಿಯೇ ಹೋಗುವ ಉತ್ತರ ಬರೆದಿಡಬಹುದು. ನಾನು ಬರೆದಿರುವುದು ಹೀಗಿದೆ: "ನಮಸ್ಕಾರ್ರೀ. ಆರ್ಡರ್ ಬರಕೊಳ್ಳೋ ಸಮಯ ಮುಂಜಾನೆ 9ರಿಂದ 11, ಸಂಜೆ 5ರಿಂದ 6. ನಿಮ್ಮ ಮೆಸೇಜ್ ಸಿಕ್ಕೈತಿ, ಆ ಹೊತ್ತಿಗೆ ಉತ್ತರ ಕೊಡತೇವಿ." ಇಷ್ಟೇ. ಕ್ಷಮೆ ಕೇಳಿಲ್ಲ, ಕಾರಣ ಹೇಳಿಲ್ಲ. ಎರಡು ವಾರದಲ್ಲಿ ಗಿರಾಕಿಗಳಿಗೆ ರೂಢಿಯಾಯಿತು. ಒಬ್ಬರು ಮಾತ್ರ ಸಿಟ್ಟು ಮಾಡಿಕೊಂಡು ಹೋದರು.

ರಾತ್ರಿ ಆ ಫೋನ್ ಪಡಸಾಲೆಯ ಡ್ರಾವರಿನಲ್ಲಿ ಇರಲಿ. ಹಾಸಿಗೆಯ ಹತ್ತಿರ ತರಬೇಡಿ. ತಂದರೆ ನೋಡುತ್ತೀರಿ, ನೋಡಿದರೆ ಉತ್ತರ ಕೊಡುತ್ತೀರಿ, ಅಲ್ವಾ?

ಹೆಜ್ಜೆ 4: "ಆಗೂದಿಲ್ರಿ" ಅನ್ನುವುದನ್ನು ಬಾಯಿಪಾಠ ಮಾಡಿ

ನಮ್ಮ ಕಡೆ ಇಲ್ಲ ಅನ್ನುವುದು ದೊಡ್ಡ ಕಷ್ಟ. ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸಬಾರದು ಅಂತಲೇ ಬೆಳೆದವರು ನಾವು. ಅದಕ್ಕೆ ಮಾತನ್ನು ಮೊದಲೇ ತಯಾರು ಮಾಡಿಟ್ಟುಕೊಳ್ಳಬೇಕು, ಆ ಹೊತ್ತಿಗೆ ಹುಡುಕಲು ಹೋದರೆ ಬಾಯಿಗೆ ಹೂಂ ಅನ್ನುವುದೇ ಬರುತ್ತದೆ.

"ಅಕ್ಕಾರ, ನಾಳೆ ಮಂದಿ ಬರಾಕತ್ತಾರ, ಒಂದ್ ನೂರು ರೊಟ್ಟಿ ಮಾಡಿಕೊಡ್ರಿ."

"ನಾಳೆ ಆಗೂದಿಲ್ರಿ. ಗುರುವಾರ ಮುಂಜಾನೆ ಹತ್ತಕ್ಕ ಕೊಡತೇನಿ. ಬೇಕಾದ್ರ ಈಗ ಬರಕೋತೇನಿ."

ಇದರಲ್ಲಿ ಮೂರು ತುಂಡು ಇವೆ. ಆಗುವುದಿಲ್ಲ, ಯಾವಾಗ ಆಗುತ್ತದೆ, ನಿಮಗೆ ಬೇಕಾ. ನಡುವೆ ಅತ್ತೆಯ ಸುದ್ದಿ ತರಬೇಡಿ. ಮೊದಲು ನಾನು ತರುತ್ತಿದ್ದೆ. "ಅತ್ತಿಗೆ ಆರಾಮಿಲ್ರಿ" ಅಂದ ಕೂಡಲೇ ಮಾತು ಅತ್ತ ಹೊರಳುತ್ತಿತ್ತು, ಯಾವ ಡಾಕ್ಟರು, ಯಾವ ಎಣ್ಣೆ, ಯಾವ ಊರಿನ ನಾಟಿ ಔಷಧ ಅಂತ ಅರ್ಧ ತಾಸು ಹೋಗುತ್ತಿತ್ತು, ಕೊನೆಗೆ ಅವರು "ಆದ್ರೂ ನಮಗಷ್ಟು ಮಾಡಿಕೊಡ್ರಿ" ಅನ್ನುತ್ತಿದ್ದರು. ಮತ್ತೊಂದು ಮಾತು, ಪರದೆಯ ಆಚೆ ಅತ್ತೆ ಇದನ್ನೆಲ್ಲ ಕೇಳುತ್ತಿದ್ದರು. ತಮ್ಮಿಂದ ಆರ್ಡರ್ ತಪ್ಪಿತು ಅಂತ ದಿನಾ ನಾಲ್ಕು ಸಲ ಕೇಳಿದರೆ ಆ ಜೀವಕ್ಕೆ ಹೇಗಾಗಬೇಡ?

ಉದ್ರಿಗೂ ಇದೇ ಮಾತು. ಉದ್ರಿ ಕೊಟ್ಟರೆ ಅದನ್ನು ವಸೂಲಿ ಮಾಡಲು ಹೋಗಬೇಕು, ಹೋಗಲು ನಿಮಗೆ ಹೊತ್ತಿಲ್ಲ. ನಾನು ಹಳೇ ಬಾಕಿಯವರ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಒಂದೇ ಸಲ ಹೇಳಿ, ಆಮೇಲೆ ಎಲ್ಲರಿಗೂ ನಗದು ಇಲ್ಲವೇ ಕ್ಯೂಆರ್ ಅಂತ ಮಾಡಿದೆ.

ಹೆಜ್ಜೆ 5: ನೋಡಲು ಬರುವವರು, ದೂರದಿಂದ ಹೇಳುವವರು

ಮಲಗಿದವರನ್ನು ನೋಡಲು ಬರುವುದು ನಮ್ಮಲ್ಲಿ ಪ್ರೀತಿ. ಅದನ್ನು ನಿಲ್ಲಿಸಬಾರದು, ಅತ್ತೆಗೂ ಅದು ಬೇಕು. ಆದರೆ ಮುಂಜಾನೆ ಹಂಚಿನ ಮುಂದೆ ಇರುವಾಗ ಬಂದು, ಚಹಾ ಆಗಿ, ನಾಷ್ಟಾ ಆಗಿ, ಎರಡು ತಾಸು ಕೂತರೆ ಎರಡು ಕೆಲಸವೂ ನಿಲ್ಲುತ್ತವೆ. ನೆಂಟರ ಗ್ರೂಪಿನಲ್ಲಿ ನಮ್ಮ ಮನೆಯವರೇ ಹಾಕಿದರು: ಅವ್ವನನ್ನು ನೋಡಲು ಸಂಜೆ 4.30ರಿಂದ 5.30ಕ್ಕೆ ಬನ್ನಿ, ಆಗ ಆಕೆ ಎದ್ದು ಕೂತಿರುತ್ತಾಳೆ, ಮಾತಾಡುತ್ತಾಳೆ. ಇದನ್ನು ಸೊಸೆ ಹೇಳಬಾರದು, ಮಗ ಹೇಳಬೇಕು. ಸೊಸೆ ಹೇಳಿದರೆ ಬೇರೆ ಅರ್ಥ ಬರುತ್ತದೆ, ಅದು ನಿಮಗೂ ಗೊತ್ತು.

ಬಂದವರಿಗೆ ಕೆಲಸ ಕೊಡಿ. "ಕಾಕು, ಅತ್ತಿ ಕೂಡ ಮಾತಾಡ್ಕೋತ ಕುಂದರ್ರಿ, ನಾ ಅಷ್ಟರಾಗ ಗಿರಣಿಗೆ ಹೋಗಿ ಬರತೇನಿ" ಅಂದರೆ ಯಾರೂ ಒಲ್ಲೆ ಅನ್ನುವುದಿಲ್ಲ. ನನಗೆ ವಾರದಲ್ಲಿ ಎರಡು ಸಲ ಹೀಗೆ ಒಂದು ತಾಸು ಸಿಗುತ್ತದೆ.

ಬೆಂಗಳೂರಿನಲ್ಲಿರುವ ಮೈದುನ ದಿನಾ ಫೋನ್ ಮಾಡಿ "ವೈನಿ, ಏನರ ಬೇಕಾದ್ರ ಹೇಳ್ರಿ" ಅನ್ನುತ್ತಿದ್ದರು. ನಾನು "ಏನೂ ಬ್ಯಾಡ್ರಿ" ಅನ್ನುತ್ತಿದ್ದೆ, ಆಮೇಲೆ ಒಳಗೊಳಗೇ ಕುದಿಯುತ್ತಿದ್ದೆ. ಅವರ ತಪ್ಪಲ್ಲ, ನಾನು ಕೇಳಿರಲೇ ಇಲ್ಲ. ಒಂದು ದಿನ ಪಟ್ಟಿ ಕಳಿಸಿದೆ: ತಿಂಗಳ ಗುಳಿಗೆ ನೀವೇ ಆರ್ಡರ್ ಮಾಡಿ ಮನೆಗೆ ಕಳಿಸಿ, ಡಯಾಪರ್ ಖರ್ಚು ನಿಮ್ಮದು, ಭಾನುವಾರ ಸಂಜೆ 5ಕ್ಕೆ ವಿಡಿಯೋ ಕಾಲ್‌ನಲ್ಲಿ ಅವ್ವನ ಜೊತೆ ಅರ್ಧ ತಾಸು ಮಾತು. ಅವರು ಒಂದೂ ತಪ್ಪಿಸಿಲ್ಲ. ಹಾವೇರಿಯ ನಾದಿನಿ ಪಂಚಮಿಗೆ ತವರಿಗೆ ಬರುತ್ತಾಳೆ, ನನಗೆ ಉಂಡಿಯ ಆರ್ಡರ್ ತಲೆಮೇಲೆ ಇರುವುದೂ ಆಗಲೇ. ಆ ಎಂಟು ದಿನ ತಾಯಿಯ ಪೂರ್ತಿ ಕೆಲಸ ಅವಳದು ಅಂತ ಕೂತು ಮಾತಾಡಿಕೊಂಡೆವು.

ಕೇಳಲು ಸಂಕೋಚ ಆಗುವವರಿಗೆ ಒಂದು ವಿಷಯ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರ ಕಾನೂನು ಇದೆ. ಅದರಲ್ಲಿ ಮಕ್ಕಳು ಅಂದರೆ ಮಗ, ಮಗಳು, ದೊಡ್ಡವರಾದ ಮೊಮ್ಮಗ, ಮೊಮ್ಮಗಳು ಅಂತ ವಿವರಣೆ ಇದೆ. ಆ ಸಾಲಿನಲ್ಲಿ ಸೊಸೆಯ ಹೆಸರಿಲ್ಲ. ಜಗಳಕ್ಕೆ ಹೋಗಿ ಅಂತ ಇದನ್ನು ಹೇಳುತ್ತಿಲ್ಲ. ಅವರ ತಾಯಿಯ ಕೆಲಸವನ್ನು ಅವರಿಗೆ ಹಂಚಲು ನೀವು ಹಿಂಜರಿಯಬೇಕಿಲ್ಲ ಅಂತ ಹೇಳುತ್ತಿದ್ದೇನೆ.

ರಾತ್ರಿಯನ್ನೂ ಹಂಚಿಕೊಳ್ಳಿ. ನಮ್ಮಲ್ಲಿ 10 ಮತ್ತು 12ರ ಮಗ್ಗಲು ಮನೆಯವರದು, 4ರದು ನನ್ನದು, ಹೇಗೂ ಏಳುತ್ತೇನೆ. 2 ಗಂಟೆಯದನ್ನು ವಾರಕ್ಕೊಬ್ಬರಂತೆ ಮಾಡುತ್ತೇವೆ. ಏರ್ ಬೆಡ್ ತಂದರೆ ಒತ್ತಡ ಕಡಿಮೆಯಾಗುತ್ತದೆ, ಆದರೆ ಅದು ಇದೆ ಅಂತ ಮಗ್ಗಲು ಬದಲಿಸುವುದನ್ನು ಬಿಡಬಾರದು.

ಹೆಜ್ಜೆ 6: ಅವರನ್ನೇ ಕೇಳಿ

ಇದನ್ನು ನಾನು ಬಹಳ ತಡವಾಗಿ ಮಾಡಿದೆ. ಅತ್ತೆಗೆ ಮಾತು ತೊದಲು, ತಿಳಿವಳಿಕೆ ಪೂರ್ತಿ ಇದೆ. ಒಂದು ಮಧ್ಯಾಹ್ನ ನೋಟ್‌ಬುಕ್ ಹಿಡಿದು ಅವರ ಪಕ್ಕ ಕೂತೆ. ಇಷ್ಟು ಹೊತ್ತು ನಾನು ಅಂಗಡಿಯಲ್ಲಿ ಇರಬೇಕಾಗುತ್ತದೆ, ಆಗ ನಿಮಗೆ ಏನು ಬೇಕು ಅಂತ ಕೇಳಿದೆ. ಅವರು ಕೇಳಿದ್ದು ಎರಡೇ. ಪರದೆ ಅರ್ಧ ಸರಿಸು, ಜನರನ್ನು ನೋಡಬೇಕು. ಮತ್ತೆ, ಎಡಗೈಗೆ ಏನಾದರೂ ಕೆಲಸ ಕೊಡು.

ಈಗ ಅವರ ಎಡಗೈಯ ಹತ್ತಿರ ಒಂದು ಗಂಟೆ ಇದೆ. ಒಂದು ಸಲ ಬಾರಿಸಿದರೆ ಬಿಡುವಾದಾಗ ಬಾ, ಎರಡು ಸಲ ಅಂದರೆ ಈಗಲೇ ಬಾ. ಇದನ್ನು ಅವರೇ ಹೇಳಿದ್ದು. ಒಂದು ಸಲ ಬಾರಿಸಿ 10 ನಿಮಿಷ ಕಾಯುತ್ತಾರೆ. ಎರಡು ಸಲ ಬಾರಿಸಿದರೆ ಹಂಚಿನ ಮೇಲೆ ರೊಟ್ಟಿ ಇದ್ದರೂ ನಾನು ಎದ್ದುಬಿಡುತ್ತೇನೆ.

ಲಕ್ವ ಆದವರಲ್ಲಿ ಮನಸ್ಸು ಕುಗ್ಗುವುದು ತುಂಬ ಸಾಮಾನ್ಯ. ಊಟ ಬೇಡ ಅನ್ನುವುದು, ವ್ಯಾಯಾಮಕ್ಕೆ ಒಲ್ಲೆ ಅನ್ನುವುದು, ಸುಮ್ಮಸುಮ್ಮನೆ ಅಳುವುದು ಕಂಡರೆ ಹಟ ಅಂತ ಬೈಯಬೇಡಿ, ಡಾಕ್ಟರಿಗೆ ಹೇಳಿ. ಅದಕ್ಕೂ ಔಷಧ ಇದೆ.

ಹೆಜ್ಜೆ 7: ಗೋಡೆಗೆ ಒಂದು ಹಾಳೆ

ನೀವಿಲ್ಲದಾಗ ಬೇರೆಯವರು ನೋಡಿಕೊಳ್ಳಬೇಕು ಅಂದರೆ ಎಲ್ಲವೂ ನಿಮ್ಮ ತಲೆಯಲ್ಲೇ ಇರಬಾರದು. ದೊಡ್ಡ ಅಕ್ಷರದಲ್ಲಿ ಬರೆದು ಹಾಸಿಗೆಯ ಪಕ್ಕ ಅಂಟಿಸಿ. ಗುಳಿಗೆಯ ಹೆಸರು ಮತ್ತು ಹೊತ್ತು, ಹೇಗೆ ಉಣಿಸಬೇಕು, ಯಾವ ಮಗ್ಗಲು ಯಾವಾಗ, ಮೂರು ಫೋನ್ ನಂಬರ್, ಮತ್ತು 108.

ಕೆಳಗೆ ಇದನ್ನೂ ಬರೆಯಿರಿ: ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲು ಬಾರದಿದ್ದರೆ, ಮಾತು ಇದ್ದಕ್ಕಿದ್ದಂತೆ ತೊದಲಿದರೆ ಕೂಡಲೇ ದವಾಖಾನೆ. ಒಮ್ಮೆ ಲಕ್ವ ಆದವರಿಗೆ ಮತ್ತೆ ಆಗಬಹುದು. ಅತ್ತೆಯಂತೆ ಮೊದಲೇ ಸೊಟ್ಟ, ತೊದಲು ಇದ್ದವರಲ್ಲಿ ಇದ್ದದ್ದಕ್ಕಿಂತ ಒಮ್ಮೆಲೇ ಜಾಸ್ತಿ ಆಯಿತೇ ನೋಡಿ. ಗಂಟು ಕಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಈ ಲಕ್ಷಣ ಶುರುವಾದ 4.5 ತಾಸಿನ ಒಳಗೆ ಮಾತ್ರ ಕೊಡುತ್ತಾರೆ, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಗದಗ ಕಡೆಯ ಹಳ್ಳಿಯಿಂದ ಬರುವವರಾದರೆ ದಾರಿಯಲ್ಲೇ ಎಷ್ಟು ಹೊತ್ತು ಹೋಗುತ್ತದೆ ನೋಡಿ. ಮುಂಜಾನೆ ಹೋದರಾಯಿತು ಅನ್ನಬೇಡಿ, ಪಾರಿವಾಳದ ರಕ್ತ ಹಚ್ಚಿಸಲು ಊರೂರು ತಿರುಗಬೇಡಿ. ಕೈಮುಗಿದು ಕೇಳಿಕೊಳ್ಳುತ್ತೇನೆ.

ಅಂಗಡಿಗೂ ಒಂದು ಹಾಳೆ ಬೇಕು. ನನ್ನ ಜೊತೆ ಇರುವ ಹಿರಿಯ ಹೆಣ್ಣುಮಗಳಿಗೆ ಆರ್ಡರ್ ಪುಸ್ತಕ, ಗಲ್ಲೆ, ಜೋಳದ ಲೆಕ್ಕ ಎಲ್ಲ ಕಲಿಸಿದೆ, ಸಂಬಳ ಜಾಸ್ತಿ ಮಾಡಿದೆ. ಫಿಸಿಯೋಥೆರಪಿಗೆ ಹೋಗುವ ದಿನ ಅಂಗಡಿಯ ಯಜಮಾನಿ ಅವಳೇ. ರೊಟ್ಟಿ ನನ್ನಷ್ಟು ತೆಳ್ಳಗೆ ಬರುವುದಿಲ್ಲ, ಬರದಿದ್ದರೂ ನಡೆಯುತ್ತದೆ.

ಹೆಜ್ಜೆ 8: ಎರಡು ಡಬ್ಬಿ

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಅಂಗಡಿಯ ಕ್ಯೂಆರ್ ಬೇರೆ ಖಾತೆಗೆ ಹೋಗಲಿ. ಜೋಳ, ಗ್ಯಾಸ್, ಸಂಬಳ ಅದರಿಂದ. ನಿಮಗೂ ಪ್ರತಿ ತಿಂಗಳು ಇಷ್ಟು ಅಂತ ಸಂಬಳ ತೆಗೆದುಕೊಳ್ಳಿ, ಔಷಧದ ಖರ್ಚು ಮನೆಯ ಖಾತೆಯಿಂದ. ಇವೆರಡು ಕಲಸಿದರೆ ಅಂಗಡಿ ಲಾಭದಲ್ಲಿದೆಯೋ ಇಲ್ಲವೋ ಎಂದೂ ತಿಳಿಯುವುದಿಲ್ಲ. 15 ದಿನ ಅಂಗಡಿ ಮುಚ್ಚಿದರೂ ನಡೆಯುವಷ್ಟು ದುಡ್ಡು ಪಕ್ಕಕ್ಕಿಡಿ, ಒಂದು ಸಲಕ್ಕೆ ಆಗದಿದ್ದರೆ ವಾರಕ್ಕೆ 200 ರೂಪಾಯಿಯಂತೆ. ಹಿರಿಯರಿಗೆ ಪಿಂಚಣಿ ಇದ್ದರೆ ನವೆಂಬರ್ ತಿಂಗಳ ಜೀವಂತ ಪ್ರಮಾಣಪತ್ರಕ್ಕೆ ಅವರನ್ನು ಎತ್ತಿಕೊಂಡು ಬ್ಯಾಂಕಿಗೆ ಹೋಗಬೇಕಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ ಮಾಡಬಹುದು, ಇಲ್ಲವೇ ಅಂಚೆಯವರನ್ನು ಮನೆಗೇ ಕರೆಸಬಹುದು. 70 ದಾಟಿದವರಿಗೆ ಬ್ಯಾಂಕಿನವರೂ ಮನೆ ಬಾಗಿಲಿಗೆ ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಇದೆ, ಕೇಳಿ ನೋಡಿ.

ಹೆಜ್ಜೆ 9: ನಿಮ್ಮ ಮೈ ಏನು ಹೇಳುತ್ತಿದೆ

ಪಂಚಮಿಯ ಆ ವಾರ ಆದ ಮೇಲೆ ನನಗೆ ನಿದ್ದೆ ಬರದಂತಾಯಿತು. ಸಣ್ಣ ಮಾತಿಗೆ ಮಗನ ಮೇಲೆ ಕೂಗುತ್ತಿದ್ದೆ. ಒಂದು ಮುಂಜಾನೆ ಹಿಟ್ಟಿನ ಮುಂದೆ ಕೂತು ಕೈ ಎತ್ತಲು ಆಗದೆ ಅತ್ತುಬಿಟ್ಟೆ. ಎರಡು ವಾರಕ್ಕಿಂತ ಜಾಸ್ತಿ ಹೀಗೆ ಇದ್ದರೆ ಅದು ಬರೀ ದಣಿವಲ್ಲ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಎದುರಿಗೆ ಕೂತು ಮಾತಾಡಬೇಕು ಅನ್ನಿಸಿದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯದ ದವಾಖಾನೆ ಇದೆ. ನಾನು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗಿ ಬಂದೆ, ಮನೆಯವರಿಗೆ ಹೇಳಿಯೇ ಹೋದೆ. ಹಿರಿಯರ ಪಿಂಚಣಿ, ಕಾನೂನು, ಆಸರೆ ಇಂಥ ವಿಷಯಕ್ಕೆ 14567, ಅದು ಎಲ್ಡರ್‌ಲೈನ್, ಹಿರಿಯರ ಸಹಾಯವಾಣಿ.

ವಾರದಲ್ಲಿ ಎರಡು ತಾಸು ನಿಮ್ಮದು ಅಂತ ಬರೆದಿಡಿ. ನಾನು ಸೋಮವಾರ ಸಂಜೆ ಸಿದ್ಧಾರೂಢ ಮಠಕ್ಕೆ ಹೋಗಿ ಕೂರುತ್ತೇನೆ. ನೀವು ಉಣಕಲ್ ಕೆರೆ ಸುತ್ತಬಹುದು, ತವರಿಗೆ ಹೋಗಿ ಮಲಗಬಹುದು. ಹೋಗುವಾಗ ಅಂಗಡಿಯ ಫೋನ್ ಡ್ರಾವರಿನಲ್ಲೇ ಇರಲಿ.

ಈ ಮಿತಿಗಳು ಒಂದು ಸಲ ಹಾಕಿದರೆ ಮುಗಿಯಲಿಲ್ಲ. ಅವರ ಸ್ಥಿತಿ ಬದಲಾದಾಗ, ಗುಳಿಗೆ ಬದಲಾದಾಗ, ಮದುವೆ ಸೀಸನ್ ಬಂದಾಗ ನೋಟ್‌ಬುಕ್ ಮತ್ತೆ ತೆಗೆದು ಒಂದು ವಾರ ಬರೆಯಿರಿ. ಮೈ ಒರೆಸುವಾಗ ದಿನಾ ಸೊಂಟ, ಹಿಮ್ಮಡಿ, ಬೆನ್ನಿನ ಎಲುಬು ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬೆಳ್ಳಗಾಗದೆ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗುತ್ತಿದೆ ಅಂತ. ಮೈಬಣ್ಣ ಕಪ್ಪಿದ್ದರೆ ಕೆಂಪು ಕಾಣದಿರಬಹುದು, ಕೈಯಿಂದ ಮುಟ್ಟಿ ಬಿಸಿ ಅಥವಾ ಗಟ್ಟಿ ಇದೆಯೇ ನೋಡಿ.

ಈ ಸಲದ ಪಂಚಮಿಗೆ 60 ಕಿಲೋ ಉಂಡಿ ಅಂತ ಪುಸ್ತಕದ ಮೇಲೆಯೇ ಬರೆದೆ. ಹಬ್ಬಕ್ಕೆ 9 ದಿನ ಇರುವಾಗಲೇ ತುಂಬಿತು. ಆಮೇಲೆ ಬಂದವರಿಗೆ ಪಕ್ಕದ ಓಣಿಯಲ್ಲಿ ಉಂಡಿ ಮಾಡುವ ಅಕ್ಕನ ನಂಬರ್ ಕೊಟ್ಟೆ. ನಾದಿನಿ ಬಂದು ತಾಯಿಯ ಪಕ್ಕ ಕೂತಳು. ಅತ್ತೆ ಹುರಿದ ಶೇಂಗಾದ ಸಿಪ್ಪೆಯನ್ನು ಎಡಗೈಯಲ್ಲೇ ತಿಕ್ಕಿ ತಿಕ್ಕಿ ತೆಗೆದುಕೊಟ್ಟರು. ಹಬ್ಬದ ಮರುದಿನ ಮೈ ಒರೆಸುವಾಗ ಸೊಂಟದ ಕೆಳಗೆ ಎರಡು ಸಲ ನೋಡಿದೆ. ಚರ್ಮ ಸರಿಯಾಗಿತ್ತು.